ರಾಜನ ಪ್ರತಿಮೆಯೂ ಸೀಸದ ಗುಂಡುಗಳೂ

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತಿದ್ದ ಪ್ರಶ್ನೆಯೊಂದಿತ್ತು: ‘ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮಕ್ಕೆ ಕಾರಣಗಳಾವುವು?’ ಮಕ್ಕಳು ಸಂಖ್ಯೆ ಹಾಕಿ ಉತ್ತರ ಬರೆಯುತ್ತಿದ್ದರು. ಒಂದು, ನೌಕಾಯಾನ ಕಾಯಿದೆಗಳು. ಎರಡು, ಸಪ್ತವಾರ್ಷಿಕ ಯುದ್ಧದ ಪರಿಣಾಮ. ಮೂರು, ಸ್ಟಾಂಪ್ ಕಾಯಿದೆ. ನಾಲ್ಕು, ಟೌನ್‌ಷೆಂಡ್ ಸುಂಕಗಳು. ಐದು, ಬೋಸ್ಟನ್ ಚಹಾ ಕೂಟ. ಐದಕ್ಕೆ ಐದು ಅಂಕ. ಉತ್ತರದಲ್ಲಿ ದೋಷವೇನೂ ಇಲ್ಲ. ಆದರೆ ಹೀಗೆ ಸಾಲಾಗಿ ನಿಲ್ಲಿಸಿದ ಕಾರಣಗಳನ್ನು ಓದಿದವರಿಗೆ, ಆ ಜನರು ಮೊದಲಿನಿಂದಲೂ ಸ್ವಾತಂತ್ರ್ಯಕ್ಕಾಗಿ ಹಂಬಲಿಸುತ್ತಿದ್ದರು, ಸಮಯ ನೋಡಿ ಸಿಡಿದೆದ್ದರು ಎಂಬ ಭಾವನೆ ಉಳಿದುಬಿಡುತ್ತದೆ. ನಡೆದದ್ದು ಹಾಗಲ್ಲ.

1763ರಲ್ಲಿ ಉತ್ತರ ಅಮೆರಿಕದ ಹದಿಮೂರು ವಸಾಹತುಗಳ ಜನರಷ್ಟು ರಾಜನಿಷ್ಠ ಪ್ರಜೆಗಳು ಬ್ರಿಟಿಷ್ ಚಕ್ರಾಧಿಪತ್ಯದಲ್ಲಿ ಬೇರೆಲ್ಲಿಯೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಅದೇ ಜನರು 1776ರಲ್ಲಿ ಅದೇ ರಾಜನನ್ನು ನಿರಂಕುಶ ಪ್ರಭುವೆಂದು ಜರೆದು, ತಾವಿನ್ನು ಅವನ ಪ್ರಜೆಗಳಲ್ಲವೆಂದು ಲೋಕಕ್ಕೆ ಸಾರಿದರು. ನಡುವೆ ಇರುವುದು ಹದಿಮೂರೇ ವರ್ಷ. ಈ ಹದಿಮೂರು ವರ್ಷಗಳಲ್ಲಿ ನಿಷ್ಠೆಯು ದ್ರೋಹವಾಗಿ ಮಾರ್ಪಟ್ಟ ಬಗೆ ಹೇಗೆ? ಕಾರಣಗಳ ಪಟ್ಟಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಈ ಪ್ರಶ್ನೆಯೇ. ಅದನ್ನು ಕುರಿತು ನಿಧಾನವಾಗಿ ಯೋಚಿಸಲು ನಿವೃತ್ತಿಯ ಬಿಡುವು ಅನುಕೂಲ ಮಾಡಿಕೊಟ್ಟಿದೆ.

ದೂರದ ತಾಯ್ನಾಡು

1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ಆಂಗ್ಲರ ಮೊದಲ ಶಾಶ್ವತ ನೆಲೆ ಸ್ಥಾಪನೆಯಾಯಿತು. ಅಲ್ಲಿಂದ ಸುಮಾರು ಒಂದೂಕಾಲು ಶತಮಾನದ ಅವಧಿಯಲ್ಲಿ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ವಸಾಹತುಗಳು ಬೆಳೆದವು. 1730ರ ದಶಕದಲ್ಲಿ ಹುಟ್ಟಿದ ಜಾರ್ಜಿಯ ಕೊನೆಯದು. ನಡುವೆ ಸಾವಿರಾರು ಮೈಲಿಗಳ ಸಾಗರ. ಹಾಯಿ ಹಡಗಿನಲ್ಲಿ ಒಂದು ಕಾಗದ ಹೋಗಿ ಉತ್ತರ ಬರಬೇಕಾದರೆ ತಿಂಗಳುಗಳೇ ಕಳೆಯುತ್ತಿದ್ದವು. ಹೀಗಿರಲು ಸ್ಥಳೀಯ ವ್ಯವಹಾರವನ್ನು ಅಲ್ಲಿಯವರೇ ನೋಡಿಕೊಳ್ಳುವುದು ಅನಿವಾರ್ಯವಾಯಿತು. ವರ್ಜೀನಿಯದಲ್ಲಿ 1619ರಷ್ಟು ಹಿಂದೆಯೇ ಪ್ರತಿನಿಧಿ ಸಭೆಯೊಂದು ಸೇರಿತ್ತು. ಕಾಲಕ್ರಮದಲ್ಲಿ ಪ್ರತಿಯೊಂದು ವಸಾಹತಿನಲ್ಲಿಯೂ ಇಂಥ ಸಭೆಗಳು ಬೇರೂರಿದವು. ರಸ್ತೆ, ಸೇತುವೆ, ರಕ್ಷಣೆ, ಗವರ್ನರನ ಸಂಬಳ ಇವಕ್ಕೆಲ್ಲ ಬೇಕಾದ ಹಣವನ್ನು ತೆರಿಗೆ ಹಾಕಿ ಒದಗಿಸುತ್ತಿದ್ದವು ಈ ಸಭೆಗಳೇ.

ಲಂಡನ್ನಿನ ಪಾರ್ಲಿಮೆಂಟು ಇತ್ತ ಕಣ್ಣು ಹಾಯಿಸಿರಲಿಲ್ಲವೆಂದಲ್ಲ. ವಸಾಹತುಗಳ ವ್ಯಾಪಾರವು ತಾಯ್ನಾಡಿನ ಲಾಭಕ್ಕಾಗಿಯೇ ನಡೆಯಬೇಕೆಂದು 1651ರಿಂದ ನೌಕಾಯಾನ ಕಾಯಿದೆಗಳನ್ನು ಒಂದರ ಮೇಲೊಂದರಂತೆ ಮಾಡಿತ್ತು. 1733ರಲ್ಲಿ ಪರದೇಶಗಳ ಕಾಕಂಬಿಯ ಮೇಲೆ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ವಿಧಿಸಿತು. ಕಬ್ಬಿನ ಹಾಲನ್ನು ಕಾಯಿಸಿ ಸಕ್ಕರೆ ತೆಗೆದಮೇಲೆ ಉಳಿಯುವ ಕಾಕಂಬಿಯಿಂದಲೇ ರಮ್ ತಯಾರಾಗಬೇಕಲ್ಲವೆ? ಆ ಸುಂಕವನ್ನು ಪ್ರಾಮಾಣಿಕವಾಗಿ ತೆತ್ತವರು ವಿರಳ. ಕಳ್ಳಸಾಗಣೆ ಎಗ್ಗಿಲ್ಲದೆ ನಡೆಯಿತು, ಸುಂಕದ ಅಧಿಕಾರಿಗಳು ಕಂಡೂ ಕಾಣದಂತಿದ್ದರು. ಕಾಯಿದೆ ಕಾಗದದಲ್ಲಿತ್ತು, ವ್ಯಾಪಾರ ಕಡಲಿನಲ್ಲಿತ್ತು. ಈ ಉದಾಸೀನವೇ ಎರಡು ತೀರಗಳ ನಡುವಣ ಸೌಹಾರ್ದವನ್ನು ಕಾಪಾಡಿಕೊಂಡು ಬಂದಿತ್ತು.

ವಸಾಹತುಗಳು ಪರಸ್ಪರ ಒಗ್ಗಟ್ಟಿನಿಂದಿದ್ದವೇ? ಅದೂ ಇಲ್ಲ. 1754ರಲ್ಲಿ ಫ್ರೆಂಚರೊಡನೆ ಯುದ್ಧ ತಲೆಯ ಮೇಲೆ ಬಂದಿದ್ದಾಗ, ಆಲ್ಬನಿ ಎಂಬಲ್ಲಿ ಸೇರಿದ ಪ್ರತಿನಿಧಿಗಳ ಮುಂದೆ ಬೆಂಜಮಿನ್ ಫ್ರಾಂಕ್ಲಿನ್ ಒಕ್ಕೂಟದ ಯೋಜನೆಯೊಂದನ್ನು ಇಟ್ಟರು. ಅಲ್ಲಿ ಒಪ್ಪಿಗೆಯಾದ ಆ ಯೋಜನೆಯನ್ನು ಬಳಿಕ ಒಂದು ವಸಾಹತಿನ ಸಭೆಯೂ ಅಂಗೀಕರಿಸಲಿಲ್ಲ. ಗಡಿ ತಂಟೆ, ಮತಭೇದ, ವ್ಯಾಪಾರದ ಪೈಪೋಟಿ ಇವುಗಳಿಂದ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಶತ್ರುವಿನ ಭಯದಿಂದಲೂ ಒಂದಾಗದ ಈ ಹದಿಮೂರು ಸಮಾಜಗಳನ್ನು ಮುಂದೆ ಒಂದುಗೂಡಿಸಿದ್ದು ಲಂಡನ್ನಿನ ಕಾಯಿದೆಗಳು.

ಗೆಲುವಿನ ಸಾಲ

ಸಪ್ತವಾರ್ಷಿಕ ಯುದ್ಧವು 1763ರ ಪ್ಯಾರಿಸ್ ಒಪ್ಪಂದದೊಂದಿಗೆ ಮುಗಿಯಿತು. ಕೆನಡ ಬ್ರಿಟನ್ನಿನ ಕೈಸೇರಿತು; ಭಾರತದಲ್ಲಿಯೂ ಫ್ರೆಂಚರ ಬಲ ಉಡುಗಿತು. ವಸಾಹತುಗಳಲ್ಲಿ ಹರ್ಷೋದ್ಗಾರ ಮುಗಿಲು ಮುಟ್ಟಿತು. ಆದರೆ ಗೆಲುವು ಪುಕ್ಕಟೆಯಾಗಿ ಬಂದಿರಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಸಾಲ ಯುದ್ಧಪೂರ್ವದಲ್ಲಿ ಏಳು ಕೋಟಿ ಪೌಂಡಿಗೆ ಮಿಕ್ಕಿದ್ದದ್ದು ಯುದ್ಧಾಂತ್ಯಕ್ಕೆ ಹನ್ನೆರಡು ಕೋಟಿಯನ್ನು ದಾಟಿತು. ಅದರ ಮೇಲೆ, ಹೊಸದಾಗಿ ದಕ್ಕಿದ ಪ್ರದೇಶದ ಕಾವಲಿಗೆಂದು ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ಸೈನಿಕರನ್ನು ಇರಿಸುವ ತೀರ್ಮಾನವಾಯಿತು. ಈ ವೆಚ್ಚವನ್ನು ಭರಿಸುವವರು ಯಾರು?

ಇಲ್ಲಿ ಲಂಡನ್ನಿನವರ ವಾದವನ್ನೂ ಕೇಳುವುದು ನ್ಯಾಯ. ಇಂಗ್ಲೆಂಡಿನ ಜಮೀನುದಾರ ಯುದ್ಧಕಾಲದಿಂದಲೂ ಭಾರೀ ಭೂಕಂದಾಯ ತೆರುತ್ತಿದ್ದ. ಅಮೆರಿಕನ್ನರು ತೆರುತ್ತಿದ್ದ ತೆರಿಗೆ ಅದರ ಮುಂದೆ ಅತ್ಯಲ್ಪ. ಯಾರ ರಕ್ಷಣೆಗಾಗಿ ಸೈನ್ಯ ನಿಂತಿದೆಯೋ ಅವರು ವೆಚ್ಚದಲ್ಲಿ ಒಂದು ಪಾಲನ್ನಾದರೂ ಕೊಡಬೇಡವೆ? ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಕೇಳಿದ್ದು ಇಷ್ಟನ್ನೇ. ಲೆಕ್ಕದ ಮನುಷ್ಯನಾದ ಆತನಿಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ.

1763ರ ಅಕ್ಟೋಬರಿನಲ್ಲಿ ರಾಜಘೋಷಣೆಯೊಂದು ಹೊರಟಿತು. ಅಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ವಲಸಿಗರು ನೆಲೆಸಕೂಡದು. ಅದು ಮೂಲನಿವಾಸಿಗಳ ನಾಡು. ಪಾಂಟಿಯಾಕ್ ಎಂಬ ನಾಯಕನ ಮುಂದಾಳುತನದಲ್ಲಿ ಮೂಲನಿವಾಸಿಗಳು ದಂಗೆಯೆದ್ದಿದ್ದ ವರ್ಷವದು. ಇನ್ನೊಂದು ಯುದ್ಧದ ಖರ್ಚು ಬೇಡವೆಂದು ಲಂಡನ್ ಗೆರೆ ಎಳೆಯಿತು. ಪಶ್ಚಿಮದ ಭೂಮಿಯ ಮೇಲೆ ಕಣ್ಣಿಟ್ಟಿದ್ದ ವಸಾಹತುಗಾರರಿಗೆ ಮೊದಲ ನಿರಾಸೆಯಾಯಿತು. ಮರುವರ್ಷ ಕಾಕಂಬಿಯ ಸುಂಕವನ್ನು ಗ್ಯಾಲನ್ನಿಗೆ ಮೂರು ಪೆನ್ಸಿಗೆ ಇಳಿಸಲಾಯಿತು. ಇಳಿಸಿದರೆ ಸಂತೋಷವಾಗಬೇಕಷ್ಟೆ? ಆದರೆ ಈ ಬಾರಿ ಅದನ್ನು ನಿಜವಾಗಿಯೂ ವಸೂಲು ಮಾಡುವ ಏರ್ಪಾಡಾಗಿತ್ತು. ಆರು ಪೆನ್ಸಿನ ಸುಂಕವನ್ನು ಸಹಿಸಿದ್ದವರು ಮೂರು ಪೆನ್ಸಿಗೆ ಗೊಣಗತೊಡಗಿದರು.

ಛಾಪಾ ಕಾಗದದ ಕೋಲಾಹಲ

1765ರ ಮಾರ್ಚಿಯಲ್ಲಿ ಪಾರ್ಲಿಮೆಂಟು ಸ್ಟಾಂಪ್ ಕಾಯಿದೆಯನ್ನು ಅಂಗೀಕರಿಸಿತು. ಕ್ರಯಪತ್ರ, ಕೋರ್ಟಿನ ಕಾಗದ, ಪರವಾನಗಿ, ವೃತ್ತಪತ್ರಿಕೆ, ಕೊನೆಗೆ ಇಸ್ಪೀಟಿನ ಎಲೆಯವರೆಗೆ ಎಲ್ಲಕ್ಕೂ ಸರ್ಕಾರದ ಮುದ್ರೆ ಬೇಕು, ಮುದ್ರೆಗೆ ಹಣ ತೆರಬೇಕು. ನಮ್ಮಲ್ಲಿ ಹಿರಿಯರು ಬಳಸುತ್ತಿದ್ದ ಛಾಪಾ ಕಾಗದವನ್ನು ನೆನೆದರೆ ವಿಷಯ ಅರ್ಥವಾಗುತ್ತದೆ. ಇಂಗ್ಲೆಂಡಿನಲ್ಲಿ ಈ ತೆರಿಗೆ 1694ರಿಂದಲೇ ಜಾರಿಯಲ್ಲಿತ್ತು. ಆದ್ದರಿಂದ ಅಲ್ಲಿನ ಸದಸ್ಯರಿಗೆ ಇದೊಂದು ಸಾಮಾನ್ಯ ಮಸೂದೆಯಾಗಿ ಕಂಡಿತು.

ಅಮೆರಿಕದವರಿಗೆ ಅದು ಹಾಗೆ ಕಾಣಲಿಲ್ಲ. ಇದುವರೆಗಿನ ಸುಂಕಗಳು ವ್ಯಾಪಾರವನ್ನು ಹದ್ದಿನಲ್ಲಿಡುವುದಕ್ಕೆ, ಬಂದರುಗಳಲ್ಲಿ ವಸೂಲಾಗುತ್ತಿದ್ದವು. ಈಗ ಪಾರ್ಲಿಮೆಂಟಿನ ಕೈ ಅವರ ಊರಿನೊಳಕ್ಕೆ, ಅವರ ಜೇಬಿನೊಳಕ್ಕೆ ಚಾಚಿತ್ತು. ತಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದ ಸಭೆಗೆ ತಮ್ಮ ಹಣವನ್ನು ತೆಗೆದುಕೊಳ್ಳುವ ಹಕ್ಕು ಎಲ್ಲಿಂದ ಬಂತು? ಪ್ರಜೆಗಳ ಸಮ್ಮತಿಯಿಲ್ಲದೆ ರಾಜನು ತೆರಿಗೆ ಹಾಕಲಾರ ಎಂಬುದು ಇಂಗ್ಲೆಂಡಿನ ಜನ ಹಿಂದಿನ ಶತಮಾನದಲ್ಲಿ ರಕ್ತ ಹರಿಸಿ ಸಂಪಾದಿಸಿದ ತತ್ತ್ವ. ತಾವೂ ಆಂಗ್ಲರೇ, ಆ ತತ್ತ್ವ ತಮಗೂ ಸಲ್ಲುತ್ತದೆ ಎಂದರು ಅಮೆರಿಕನ್ನರು. ‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’ ಎಂಬ ಘೋಷಣೆ ಮೊಳಗಿತು. ಅವರು ಆಗ ಕೇಳಿದ್ದು ಆಂಗ್ಲರಿಗಿದ್ದ ಹಕ್ಕನ್ನೇ ಹೊರತು ಆಂಗ್ಲರಿಂದ ಬಿಡುಗಡೆಯನ್ನಲ್ಲ.

ಲಂಡನ್ನಿನಿಂದ ಇದಕ್ಕೊಂದು ಜಾಣ ಉತ್ತರ ಬಂತು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮುಗಳಂಥ ಬೆಳೆದ ಊರುಗಳಿಗೂ ಪಾರ್ಲಿಮೆಂಟಿನಲ್ಲಿ ಸ್ವಂತ ಸದಸ್ಯರಿಲ್ಲ. ಆದರೂ ಅವರು ತೆರಿಗೆ ಕೊಡುತ್ತಿಲ್ಲವೆ? ಸದಸ್ಯರು ಇಡೀ ಸಾಮ್ರಾಜ್ಯವನ್ನು ಪ್ರತಿನಿಧಿಸುತ್ತಾರೆ ಎಂಬುದು ಆ ಉತ್ತರ. ಮ್ಯಾಂಚೆಸ್ಟರಿಗೆ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸಬೇಕಲ್ಲದೆ ಅದೇ ಅನ್ಯಾಯವನ್ನು ಬೋಸ್ಟನ್ನಿಗೂ ವಿಸ್ತರಿಸುವುದೇ ಎಂದು ಈಚೆಯವರು ಮರುಪ್ರಶ್ನೆ ಹಾಕಿದರು.

ವರ್ಜೀನಿಯದ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ತರುಣ ವಕೀಲ ಖಂಡನಾ ನಿರ್ಣಯಗಳನ್ನು ಮಂಡಿಸಿದ. ಆಗಸ್ಟಿನಲ್ಲಿ ಬೋಸ್ಟನ್ನಿನ ಗುಂಪು ಛಾಪಾ ಕಾಗದ ಹಂಚಬೇಕಾಗಿದ್ದ ಅಧಿಕಾರಿಯ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿತು. ಕೆಲವೇ ದಿನಗಳಲ್ಲಿ ಉಪಗವರ್ನರ್ ಥಾಮಸ್ ಹಚಿನ್‌ಸನ್ನನ ಮನೆಯನ್ನು ಹಾಳುಗೆಡವಿತು. ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ರಾಜನಿಗೂ ಪಾರ್ಲಿಮೆಂಟಿಗೂ ಬಿನ್ನಹ ಕಳುಹಿಸಿದರು. ಹನ್ನೊಂದು ವರ್ಷಗಳ ಹಿಂದೆ ಆಲ್ಬನಿಯ ಯೋಜನೆಯನ್ನು ತಳ್ಳಿಹಾಕಿದ್ದವರು ಇವರೇ. ವ್ಯಾಪಾರಿಗಳು ಬ್ರಿಟಿಷ್ ಸರಕನ್ನು ತರಿಸುವುದನ್ನು ನಿಲ್ಲಿಸಿದರು. ಆಗ ಲಂಡನ್ನಿನ ವರ್ತಕರೇ ಪಾರ್ಲಿಮೆಂಟಿನ ಬಾಗಿಲು ತಟ್ಟಿದರು. 1766ರ ಮಾರ್ಚಿಯಲ್ಲಿ ಕಾಯಿದೆ ರದ್ದಾಯಿತು.

ಅಮೆರಿಕದಲ್ಲಿ ಸಂಭ್ರಮವೋ ಸಂಭ್ರಮ. ಕೃತಜ್ಞತೆಯ ಕುರುಹಾಗಿ ನ್ಯೂಯಾರ್ಕಿನವರು ಮೂರನೆಯ ಜಾರ್ಜ್ ದೊರೆಯ ಪ್ರತಿಮೆಯೊಂದನ್ನು ಮಾಡಿಸಿ, 1770ರಲ್ಲಿ ಊರ ನಡುವೆ ನಿಲ್ಲಿಸಿದರು. ಕುದುರೆಯ ಮೇಲೆ ಕುಳಿತ ದೊರೆ. ಸೀಸದ ಎರಕ, ಮೇಲೆ ಚಿನ್ನದ ಲೇಪ. ದ್ರೋಹ ಬಗೆಯುವವರು ಮಾಡುವ ಕೆಲಸವೇ ಇದು?

ಆದರೆ ಸ್ಟಾಂಪ್ ಕಾಯಿದೆಯನ್ನು ರದ್ದುಮಾಡಿದ ದಿನವೇ ಪಾರ್ಲಿಮೆಂಟು ಇನ್ನೊಂದು ಪುಟ್ಟ ಕಾಯಿದೆಯನ್ನೂ ಮಾಡಿತ್ತು. ಯಾವುದೇ ವಿಷಯದಲ್ಲಾಗಲಿ ವಸಾಹತುಗಳನ್ನು ಬಂಧಿಸುವ ಶಾಸನ ಮಾಡಲು ತನಗೆ ಪೂರ್ಣ ಅಧಿಕಾರವಿದೆ ಎಂದು ಅದರಲ್ಲಿ ಘೋಷಿಸಿಕೊಂಡಿತು. ಹಣವನ್ನು ಬಿಟ್ಟುಕೊಟ್ಟಿತು, ಹಕ್ಕನ್ನು ಬಿಟ್ಟುಕೊಡಲಿಲ್ಲ. ಸಂಭ್ರಮದ ಗದ್ದಲದಲ್ಲಿ ಈ ಕಾಯಿದೆಯನ್ನು ಗಮನಿಸಿದವರು ಕಡಿಮೆ. ಮುಂದಿನ ಹತ್ತು ವರ್ಷಗಳ ಜಗಳವೆಲ್ಲ ಅದರಲ್ಲಿ ಅಡಗಿತ್ತು.

ಅಗ್ಗದ ಚಹಾ

1767ರಲ್ಲಿ ಹಣಕಾಸು ಮಂತ್ರಿ ಚಾರ್ಲ್ಸ್ ಟೌನ್‌ಷೆಂಡ್ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾ ಇವುಗಳ ಮೇಲೆ ಹೊಸ ಸುಂಕಗಳನ್ನು ಹೇರಿದ. ಮತ್ತೆ ಬಹಿಷ್ಕಾರ. ಈ ಬಾರಿ ಹೆಂಗಸರು ಮುಂದೆ ಬಂದರು. ಇಂಗ್ಲೆಂಡಿನ ಬಟ್ಟೆ ಬೇಡವೆಂದು ಒಟ್ಟಾಗಿ ಕುಳಿತು ನೂಲು ತೆಗೆದರು, ಮನೆಯಲ್ಲಿ ನೇಯ್ದ ದಪ್ಪ ಬಟ್ಟೆ ಉಡುವುದು ದೇಶಾಭಿಮಾನದ ಗುರುತಾಯಿತು. ಚರಕವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಜಾನ್ ಡಿಕಿನ್‌ಸನ್ ಎಂಬ ವಕೀಲ ತಾನೊಬ್ಬ ರೈತನೆಂಬಂತೆ ಪತ್ರಿಕೆಗಳಿಗೆ ಬರೆದ ಪತ್ರಗಳು ಮನೆಮನೆಯನ್ನು ತಲುಪಿದವು. ಸುಂಕದ ಮೊತ್ತ ಸಣ್ಣದೆಂದು ಸುಮ್ಮನಿರಬೇಡಿ, ಸಣ್ಣದಾಗಿರುವುದೇ ಅದರ ಅಪಾಯ ಎಂಬುದು ಆತನ ವಾದದ ತಿರುಳು.

1768ರಲ್ಲಿ ಬೋಸ್ಟನ್ನಿಗೆ ಕೆಂಪಂಗಿಯ ಸೈನಿಕರು ಬಂದಿಳಿದರು. ಊರಿಗೂ ದಂಡಿಗೂ ತಿಕ್ಕಾಟ ಬೆಳೆಯಿತು. 1770ರ ಮಾರ್ಚಿ 5ರ ರಾತ್ರಿ ಹಿಮದ ಮುದ್ದೆ, ಕೋಲು ಎಸೆಯುತ್ತಿದ್ದ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿದರು, ಐವರು ಸತ್ತರು. ಆ ಸೈನಿಕರ ಪರವಾಗಿ ವಕಾಲತ್ತು ವಹಿಸಿದವನು ಜಾನ್ ಆಡಮ್ಸ್, ಮುಂದೆ ಸ್ವತಂತ್ರ ಅಮೆರಿಕದ ಎರಡನೆಯ ಅಧ್ಯಕ್ಷನಾದವನು. ತಳಮಳದ ಆ ದಿನಗಳಲ್ಲಿಯೂ ಬೋಸ್ಟನ್ನಿನ ಪಂಚಾಯ್ತರು ಸಾಕ್ಷ್ಯವನ್ನು ಆಲಿಸಿ, ಕ್ಯಾಪ್ಟನ್ನನ್ನೂ ಆರು ಸೈನಿಕರನ್ನೂ ನಿರಪರಾಧಿಗಳೆಂದು ಬಿಟ್ಟರು. ಇಬ್ಬರಿಗೆ ಮಾತ್ರ ಕೊಲೆಗಿಂತ ಕಡಿಮೆಯ ಅಪರಾಧಕ್ಕೆ ಶಿಕ್ಷೆಯಾಯಿತು. ಕಾನೂನಿನ ಮೇಲೆ ಆ ಜನರಿಗೆ ಇನ್ನೂ ನಂಬಿಕೆಯಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾಕತಾಳೀಯವೆಂಬಂತೆ, ಗುಂಡು ಹಾರಿದ ಅದೇ ದಿನ ಲಂಡನ್ನಿನಲ್ಲಿ ಹೊಸ ಪ್ರಧಾನಿ ಲಾರ್ಡ್ ನಾರ್ತ್ ಟೌನ್‌ಷೆಂಡ್ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಮಂಡಿಸಿದ. ಒಂದನ್ನು ಮಾತ್ರ ಉಳಿಸಿಕೊಂಡ: ಚಹಾದ ಮೇಲೆ ಪೌಂಡು ತೂಕಕ್ಕೆ ಮೂರು ಪೆನ್ಸ್. ಹಣಕ್ಕಾಗಿ ಅಲ್ಲ, ಹಕ್ಕಿನ ಗುರುತಾಗಿ.

ಮೂರು ವರ್ಷ ಹೇಗೋ ಶಾಂತಿಯಿಂದ ಕಳೆಯಿತು. ಅದು ಕೆಟ್ಟದ್ದು ನಮ್ಮ ದೇಶದ ಸಂಬಂಧದಿಂದ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ದಿವಾನಿಯನ್ನು ಪಡೆದದ್ದು 1765ರಲ್ಲಿ, ಸ್ಟಾಂಪ್ ಕಾಯಿದೆಯ ವರ್ಷದಲ್ಲೇ. ಬಂಗಾಳದ ಕಂದಾಯದಿಂದ ಹೊನ್ನಿನ ಹೊಳೆ ಹರಿಯುವುದೆಂದು ಲಂಡನ್ನಿನಲ್ಲಿ ಕಂಪನಿಯ ಷೇರುಗಳ ಬೆಲೆ ಏರಿತು. 1769ರಲ್ಲಿ ಹೈದರಾಲಿಯ ಮುನ್ನಡೆಯ ಸುದ್ದಿ ಅಲ್ಲಿಗೆ ಮುಟ್ಟಿದಾಗ ಆ ಬೆಲೆ ಕುಸಿಯಿತು. ಬೆನ್ನಲ್ಲೇ 1770ರ ಬಂಗಾಳದ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1772ರಲ್ಲಿ ಯುರೋಪಿನ ಲೇವಾದೇವಿ ಮನೆಗಳು ದಿವಾಳಿಯೆದ್ದಾಗ ಕಂಪನಿಯೂ ದಿವಾಳಿಯ ಅಂಚಿಗೆ ಬಂತು. ಅದರ ಉಗ್ರಾಣಗಳಲ್ಲಿ ಚೀನಾದಿಂದ ತಂದ ಚಹಾ ಮಾರಾಟವಾಗದೆ ರಾಶಿ ಬಿದ್ದಿತ್ತು. ಕಂಪನಿಯನ್ನು ಉಳಿಸಲು ಪಾರ್ಲಿಮೆಂಟು 1773ರಲ್ಲಿ ಮೂರು ಕೆಲಸ ಮಾಡಿತು. ಹದಿನಾಲ್ಕು ಲಕ್ಷ ಪೌಂಡು ಸಾಲ ಕೊಟ್ಟಿತು. ನಮ್ಮ ಮಕ್ಕಳು ಭಾರತದ ಇತಿಹಾಸದ ಪಾಠದಲ್ಲಿ ಓದುವ ರೆಗ್ಯುಲೇಟಿಂಗ್ ಕಾಯಿದೆಯನ್ನು ಮಾಡಿತು. ಕಂಪನಿಯು ತನ್ನದೇ ಏಜೆಂಟರ ಮೂಲಕ ಚಹಾವನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ಮಾರಲು ಚಹಾ ಕಾಯಿದೆಯ ಮೂಲಕ ಅವಕಾಶ ಕೊಟ್ಟಿತು. ಇಂಗ್ಲೆಂಡಿನಲ್ಲಿ ತೆರಬೇಕಾದ ಸುಂಕದ ವಿನಾಯಿತಿ ಸಿಕ್ಕಿದ್ದರಿಂದ ಈ ಚಹಾ ಕಳ್ಳ ಮಾರುಕಟ್ಟೆಯ ಚಹಾಕ್ಕಿಂತಲೂ ಅಗ್ಗವಾಗುವುದಿತ್ತು.

ನಾನು ಈ ಪಾಠ ಮಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಚಹಾ ಅಗ್ಗ ಆಯ್ತಲ್ಲ, ಮತ್ಯಾಕೆ ಸಮುದ್ರಕ್ಕೆ ಚೆಲ್ಲಿದ್ರು?” ಎಂದು ಕೇಳಿದ್ದಳು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನನಗೆ ಎದುರಾದ ಒಳ್ಳೆಯ ಪ್ರಶ್ನೆಗಳಲ್ಲಿ ಅದೊಂದು. ನಾನು ಅವಳನ್ನೇ ತಿರುಗಿ ಕೇಳಿದೆ: “ನಿನ್ನ ಪಕ್ಕದ ಮನೆಯವರು ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಕಣಜದಿಂದ ವಾರಕ್ಕೊಂದು ಹಿಡಿ ಅಕ್ಕಿ ತೆಗೆದುಕೊಂಡು ಹೋಗ್ತಾರೆ, ಬದಲಿಗೆ ನಿಮಗೆ ಅಗ್ಗದ ದರದಲ್ಲಿ ಬೆಲ್ಲ ಕೊಡ್ತಾರೆ. ನಿಮ್ಮ ಅಜ್ಜಿ ಒಪ್ಪುತ್ತಾರೇನಮ್ಮ?” ಅವಳು ಸ್ವಲ್ಪ ಯೋಚಿಸಿ, “ನಮ್ಮಜ್ಜಿ ಕೇಳಿದ್ರೆ ಒಂದು ಸೇರೇ ಕೊಡ್ತಾರೆ ಸರ್. ಕೇಳದೆ ಮುಟ್ಟಿದ್ರೆ ಬಿಡಲ್ಲ” ಅಂದಳು. ತರಗತಿಯೆಲ್ಲ ನಕ್ಕಿತು. ಆ ದಿನ ನಾನು ಹೇಳಬೇಕಾದ ಪಾಠವನ್ನು ಆಕೆಯೇ ಹೇಳಿ ಮುಗಿಸಿದ್ದಳು.

ಅಗ್ಗದ ಚಹಾವನ್ನು ಕೊಂಡು ಕುಡಿದರೆ ಮೂರು ಪೆನ್ಸಿನ ಜೊತೆಗೆ ಪಾರ್ಲಿಮೆಂಟಿನ ಹಕ್ಕನ್ನೂ ನುಂಗಿದಂತಾಗುತ್ತದೆ ಎಂಬುದು ಅಮೆರಿಕದವರ ಶಂಕೆ. ಚಹಾದ ವ್ಯಾಪಾರಿಗಳಿಗೂ ಕಳ್ಳಸಾಗಣೆದಾರರಿಗೂ ತಮ್ಮ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂಬ ಸಿಟ್ಟೂ ಸೇರಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ನ್ಯೂಯಾರ್ಕ್, ಫಿಲಡೆಲ್ಫಿಯಗಳಿಗೆ ಬಂದ ಚಹಾದ ಹಡಗುಗಳು ಸರಕು ಇಳಿಸದೆ ಹಿಂದಿರುಗಿದವು. ಬೋಸ್ಟನ್ನಿನಲ್ಲಿ ಗವರ್ನರನಾಗಿದ್ದವನು ಅದೇ ಹಚಿನ್‌ಸನ್, ಎಂಟು ವರ್ಷದ ಹಿಂದೆ ಮನೆ ಕಳೆದುಕೊಂಡವನು. ಕಂಪನಿಯ ಏಜೆಂಟರಲ್ಲಿ ಆತನ ಮಕ್ಕಳೂ ಇದ್ದರು. ಸುಂಕ ಕಟ್ಟದೆ ಹಡಗುಗಳು ಹೊರಡಕೂಡದೆಂದು ಆತ ಪಟ್ಟು ಹಿಡಿದ. 1773ರ ಡಿಸೆಂಬರ್ 16ರ ರಾತ್ರಿ, ಮೊಹಾಕ್ ಮೂಲನಿವಾಸಿಗಳ ವೇಷ ತೊಟ್ಟ ಗುಂಪೊಂದು ಧಕ್ಕೆಯಲ್ಲಿ ನಿಂತಿದ್ದ ಮೂರು ಹಡಗುಗಳನ್ನು ಹತ್ತಿ, 342 ಪೆಟ್ಟಿಗೆ ಚಹಾವನ್ನು ಒಡೆದು ನೀರಿಗೆ ಸುರಿಯಿತು. ಅದರ ತೂಕ ಸುಮಾರು 42 ಟನ್ನು, ಬೆಲೆ ಒಂಬತ್ತು ಸಾವಿರ ಪೌಂಡಿಗೂ ಹೆಚ್ಚು.

ಬಿನ್ನಹದಿಂದ ಬಂದೂಕಿಗೆ

ಬೋಸ್ಟನ್ನಿನ ಈ ಕೃತ್ಯವನ್ನು ಅಮೆರಿಕದಲ್ಲೇ ಹಲವರು ಒಪ್ಪಲಿಲ್ಲ. ಚಹಾದ ಬೆಲೆಯನ್ನು ತೆತ್ತು ಕೈತೊಳೆದುಕೊಳ್ಳುವುದು ಒಳಿತೆಂದವರಲ್ಲಿ ಫ್ರಾಂಕ್ಲಿನ್ನರೂ ಒಬ್ಬರು. ಈ ಹೊತ್ತಿನಲ್ಲಿ ಲಂಡನ್ ತಾಳ್ಮೆ ತೋರಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೇನೋ. ಆದರೆ 1774ರಲ್ಲಿ ಪಾರ್ಲಿಮೆಂಟು ದಂಡಿಸಲು ನಿಂತಿತು. ಚಹಾದ ಬೆಲೆ ತುಂಬಿಕೊಡುವವರೆಗೆ ಬೋಸ್ಟನ್ ಬಂದರಿಗೆ ಬೀಗ. ಮಸಾಚುಸೆಟ್ಸಿನ ಸ್ವಯಮಾಡಳಿತಕ್ಕೆ ಕತ್ತರಿ. ಆರೋಪಕ್ಕೊಳಗಾದ ಅಧಿಕಾರಿಗಳ ವಿಚಾರಣೆಯನ್ನು ಬೇರೆಡೆಗೆ ಒಯ್ಯುವ ಅವಕಾಶ. ಸೈನಿಕರ ವಸತಿಗೆ ಹೊಸ ನಿಯಮ. ಚಹಾ ಚೆಲ್ಲಿದವರು ಹೆಚ್ಚೆಂದರೆ ನೂರೈವತ್ತು ಮಂದಿ. ಶಿಕ್ಷೆ ಇಡೀ ಊರಿನ ಹಡಗಿನವನಿಗೆ, ಹಮಾಲನಿಗೆ, ಬಡಗಿಗೆ.

ಇಲ್ಲಿ ಲಂಡನ್ನಿನ ಎಣಿಕೆ ತಲೆಕೆಳಗಾಯಿತು. ಒಬ್ಬನನ್ನು ಬಡಿದರೆ ಉಳಿದವರು ಬೆದರುವರೆಂದು ಅದು ಬಗೆದಿತ್ತು. ಉಳಿದವರು, ಇಂದು ಬೋಸ್ಟನ್ನಿಗೆ ಬಂದದ್ದು ನಾಳೆ ತಮಗೂ ಬಂದೀತು ಎಂದುಕೊಂಡರು. ಸಾವಿರ ಮೈಲಿಯಾಚೆಯ ದಕ್ಷಿಣ ಕ್ಯಾರೊಲಿನದಿಂದ ಅಕ್ಕಿ ಬಂತು, ಕನೆಕ್ಟಿಕಟ್ಟಿನಿಂದ ಕುರಿಮಂದೆ ಬಂತು. 1774ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯದಲ್ಲಿ ಜಾರ್ಜಿಯವೊಂದನ್ನು ಬಿಟ್ಟು ಹನ್ನೆರಡು ವಸಾಹತುಗಳ 56 ಪ್ರತಿನಿಧಿಗಳು ಸೇರಿದರು. ಇದೇ ಮೊದಲ ಖಂಡೀಯ ಕಾಂಗ್ರೆಸ್. ಬಹಿಷ್ಕಾರದ ಒಡಂಬಡಿಕೆಯಾಯಿತು, ಊರೂರಿನಲ್ಲಿ ಅದನ್ನು ನೋಡಿಕೊಳ್ಳುವ ಸಮಿತಿಗಳು ಹುಟ್ಟಿದವು. ಆಳುವವರ ಕಣ್ಣೆದುರಿನಲ್ಲೇ ಇನ್ನೊಂದು ಆಡಳಿತ ತಲೆಯೆತ್ತಿತ್ತು. ಆದರೂ ಆ ಕಾಂಗ್ರೆಸ್ ಕೊನೆಗೆ ಬರೆದದ್ದು ರಾಜನಿಗೆ ಬಿನ್ನವತ್ತಳೆಯನ್ನೇ.

ಫ್ರಾಂಕ್ಲಿನ್ನರ ಕಥೆಯನ್ನು ಇಲ್ಲಿ ಹೇಳಬೇಕು. ವಸಾಹತುಗಳ ನಿಯೋಗಿಯಾಗಿ ಅವರು ಎಷ್ಟೋ ವರ್ಷ ಲಂಡನ್ನಿನಲ್ಲಿದ್ದರು. ಚಕ್ರಾಧಿಪತ್ಯದ ಬಗೆಗೆ ಅವರಿಗಿದ್ದ ಅಭಿಮಾನ ಸಾಮಾನ್ಯದ್ದಲ್ಲ. ಸ್ಟಾಂಪ್ ಕಾಯಿದೆ ಬಂದಾಗ, ವಿರೋಧಿಸಿ ಫಲವಿಲ್ಲವೆಂದು, ಪೆನ್ಸಿಲ್ವೇನಿಯದ ಹಂಚಿಕೆಯ ಕೆಲಸಕ್ಕೆ ತಮ್ಮ ಮಿತ್ರನ ಹೆಸರನ್ನು ಸೂಚಿಸಿದ್ದವರು ಅವರು. 1774ರ ಜನವರಿಯಲ್ಲಿ, ಹಚಿನ್‌ಸನ್ನನ ಖಾಸಗಿ ಪತ್ರಗಳನ್ನು ಅಮೆರಿಕಕ್ಕೆ ಕಳುಹಿಸಿಕೊಟ್ಟರೆಂಬ ಕಾರಣಕ್ಕಾಗಿ, ರಾಜನ ಮಂತ್ರಾಲೋಚನ ಸಭೆಯ ಮುಂದೆ ಅವರನ್ನು ನಿಲ್ಲಿಸಿ, ಸರ್ಕಾರಿ ವಕೀಲನೊಬ್ಬ ಒಂದು ಗಂಟೆಗೂ ಮೀರಿ ಅವಹೇಳನ ಮಾಡಿದ. ಅರವತ್ತೆಂಟು ವರ್ಷದ, ಜಗದ್ವಿಖ್ಯಾತ ವಿಜ್ಞಾನಿ ಮಾತಿಲ್ಲದೆ ನಿಂತು ಕೇಳಿಸಿಕೊಂಡರು. ಸಭಾಸದರು ನಗುತ್ತಿದ್ದರು. ಮರುವರ್ಷ ಅವರು ಹಡಗು ಹತ್ತಿ ಊರಿಗೆ ಹೊರಟಾಗ ಸಾಮ್ರಾಜ್ಯದ ಒಬ್ಬ ಹಿತೈಷಿ ಕಡಿಮೆಯಾಗಿದ್ದ. ಅವರ ಮಗ ವಿಲಿಯಂ ಮಾತ್ರ ನ್ಯೂಜೆರ್ಸಿಯ ಗವರ್ನರನಾಗಿ ರಾಜನ ಪಕ್ಷದಲ್ಲೇ ಉಳಿದು, 1776ರಲ್ಲಿ ಸೆರೆಯಾದ. ತಂದೆ ಮಕ್ಕಳ ನಡುವಣ ಆ ಬಿರುಕು ಕೊನೆಯವರೆಗೂ ಬೆಸೆಯಲಿಲ್ಲ. ಇಂಥ ಮನೆಗಳು ಆ ದೇಶದಲ್ಲಿ ಎಷ್ಟೋ ಇದ್ದವು.

1775ರ ಏಪ್ರಿಲ್ 19ರಂದು, ಕಾನ್‌ಕರ್ಡಿನಲ್ಲಿ ಕೂಡಿಟ್ಟಿದ್ದ ಮದ್ದುಗುಂಡುಗಳನ್ನು ವಶಪಡಿಸಿಕೊಳ್ಳಲು ಹೊರಟ ಸೈನಿಕರಿಗೆ ಲೆಕ್ಸಿಂಗ್ಟನ್ನಿನ ಹುಲ್ಲುಬಯಲಿನಲ್ಲಿ ಊರಿನ ಜನ ಎದುರಾದರು. ಮೊದಲ ಗುಂಡು ಹಾರಿಸಿದವರು ಯಾರೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಎಂಟು ಮಂದಿ ಅಮೆರಿಕನ್ನರು ಬಿದ್ದರು. ಜೂನಿನಲ್ಲಿ ಬಂಕರ್ ಹಿಲ್ ಕಾಳಗದಲ್ಲಿ ಬ್ರಿಟಿಷರ ಕಡೆ ಸತ್ತು ಗಾಯಗೊಂಡವರೇ ಸಾವಿರಕ್ಕೆ ಮಿಕ್ಕರು. ಜಾರ್ಜ್ ವಾಷಿಂಗ್ಟನ್ ಸೇನಾಧಿಪತಿಯಾದರು. ಇಷ್ಟಾದ ಮೇಲೂ, ಜುಲೈ ತಿಂಗಳಲ್ಲಿ ಕಾಂಗ್ರೆಸ್ ರಾಜನಿಗೆ ಮತ್ತೊಂದು ಬಿನ್ನಹ ಕಳುಹಿಸಿತು. ಮಂತ್ರಿಗಳು ಕೆಟ್ಟವರು, ಪಾರ್ಲಿಮೆಂಟು ತಪ್ಪು ದಾರಿಯಲ್ಲಿದೆ, ಆದರೆ ಪ್ರಭುವು ಒಳ್ಳೆಯವನು, ಕೇಳಿದರೆ ಕರಗಿಯಾನು ಎಂಬ ಆಸೆ ಅವರಲ್ಲಿ ಉಳಿದಿತ್ತು. ರಾಜನು ಅದನ್ನು ಸ್ವೀಕರಿಸಲಿಲ್ಲ. ಆಗಸ್ಟ್ 23ರಂದು ವಸಾಹತುಗಳು ದಂಗೆಯೆದ್ದಿವೆಯೆಂದು ಘೋಷಿಸಿದ. ಬಳಿಕ ಜರ್ಮನಿಯಿಂದ ಬಾಡಿಗೆಯ ಸೈನಿಕರನ್ನು ತರಿಸಿದ.

ನನ್ನ ಅಭಿಪ್ರಾಯದಲ್ಲಿ ನಂಟು ಕಡಿದುಬಿದ್ದ ಕ್ಷಣ ಇದೇ. ಚಹಾ, ಛಾಪಾ ಕಾಗದ, ಕಾಕಂಬಿ ಇವೆಲ್ಲ ಪಾರ್ಲಿಮೆಂಟಿನೊಡನೆ ನಡೆದ ಜಗಳಗಳು. ಅಹವಾಲು ಹೇಳಿಕೊಳ್ಳಲು ರಾಜನೆಂಬ ಒಂದು ಕೊನೆಯ ಬಾಗಿಲಿತ್ತು. ಅದನ್ನು ರಾಜನೇ ಮುಚ್ಚಿದ. 1776ರ ಜನವರಿಯಲ್ಲಿ ಥಾಮಸ್ ಪೇನ್ ಎಂಬಾತ, ಇಂಗ್ಲೆಂಡಿನಿಂದ ಬಂದು ಇನ್ನೂ ಒಂದೂವರೆ ವರ್ಷವೂ ಆಗದವನು, ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆ ಪ್ರಕಟಿಸಿದ. ಎಲ್ಲರೂ ಬೈಯುತ್ತಿದ್ದ ಮಂತ್ರಿಗಳನ್ನು ಬಿಟ್ಟು ಆತ ರಾಜತ್ವವನ್ನೇ ಪ್ರಶ್ನಿಸಿದ. ಒಂದು ವರ್ಷ ಮೊದಲೇ ಅದು ಬಂದಿದ್ದರೆ ಜನ ಅದನ್ನು ಸುಟ್ಟುಹಾಕುತ್ತಿದ್ದರೇನೋ. ಈಗ ಕೈಯಿಂದ ಕೈಗೆ ದಾಟಿಸಿ ಓದಿದರು. ಜುಲೈ 2ರಂದು ಕಾಂಗ್ರೆಸ್ ಸ್ವಾತಂತ್ರ್ಯದ ನಿರ್ಣಯ ಕೈಗೊಂಡಿತು. ಥಾಮಸ್ ಜೆಫರ್‌ಸನ್ ಬರೆದ ಘೋಷಣೆ 4ರಂದು ಅಂಗೀಕೃತವಾಯಿತು. ಜುಲೈ 9ರಂದು ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ನರ ಸೈನಿಕರ ಮುಂದೆ ಅದನ್ನು ಓದಲಾಯಿತು. ಆ ಸಂಜೆ ಗುಂಪೊಂದು ಹೋಗಿ, ಆರು ವರ್ಷಗಳ ಹಿಂದೆ ನಿಲ್ಲಿಸಿದ್ದ ರಾಜನ ಪ್ರತಿಮೆಗೆ ಹಗ್ಗ ಕಟ್ಟಿ ಕೆಡವಿತು. ಅದರ ಸೀಸವನ್ನು ಕರಗಿಸಿ ಸುಮಾರು 42,000 ಬಂದೂಕಿನ ಗುಂಡುಗಳನ್ನು ಎರಕ ಹೊಯ್ದರೆಂದು ಲೆಕ್ಕವಿದೆ.

ಕೇಳಿಸದೆ ಉಳಿದ ದನಿಗಳು

ಯುದ್ಧದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1777ರ ಸಾರಟೋಗದ ಗೆಲುವು, 1778ರ ಫ್ರೆಂಚ್ ಮೈತ್ರಿ, 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಶರಣಾಗತಿ, 1783ರ ಪ್ಯಾರಿಸ್ ಒಪ್ಪಂದ ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ. ರಾಜನಿಷ್ಠರಾಗಿ ಉಳಿದ ಸುಮಾರು 60,000 ಮಂದಿ ಮನೆಮಾರು ತೊರೆದು ದೇಶಾಂತರ ಹೋದರು ಎಂಬುದು ಅವುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಆಗ ಹದಿಮೂರು ವಸಾಹತುಗಳ ಜನಸಂಖ್ಯೆ ಸುಮಾರು 25 ಲಕ್ಷ. ಅದರಲ್ಲಿ ಐದರಲ್ಲೊಂದು ಪಾಲು ಆಫ್ರಿಕನ್ ಮೂಲದ ಗುಲಾಮರು. ಎಲ್ಲ ಮನುಷ್ಯರೂ ಸಮಾನರೆಂಬ ಘೋಷಣೆಯನ್ನು ಬರೆದ ಜೆಫರ್‌ಸನ್ನರೂ, ಸೇನೆಯನ್ನು ನಡೆಸಿದ ವಾಷಿಂಗ್ಟನ್ನರೂ ಗುಲಾಮರ ಒಡೆಯರಾಗಿದ್ದರು. ದಂಗೆಕೋರ ಒಡೆಯರನ್ನು ಬಿಟ್ಟು ತಮ್ಮ ಕಡೆ ಸೇರುವ ಗುಲಾಮರಿಗೆ ಬಿಡುಗಡೆ ಕೊಡುವುದಾಗಿ 1775ರ ನವೆಂಬರಿನಲ್ಲಿ ಸಾರಿದವನು ವರ್ಜೀನಿಯದ ಬ್ರಿಟಿಷ್ ಗವರ್ನರ್ ಡನ್‌ಮೋರ್. ಸ್ವಾತಂತ್ರ್ಯದ ಬಾವುಟ ಯಾವ ಕಡೆ ಹಾರುತ್ತಿದೆಯೆಂದು ಆ ಗುಲಾಮರನ್ನು ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಮೂಲನಿವಾಸಿಗಳಿಗಂತೂ 1763ರ ಗೆರೆ ಅಳಿಸಿಹೋದದ್ದೇ ಈ ಸ್ವಾತಂತ್ರ್ಯದಿಂದ ಬಂದ ಫಲ.

ನಮ್ಮ ನಾಡಿಗೂ ಈ ಕಥೆಯ ಎಳೆ ಬಂದು ಮುಟ್ಟುತ್ತದೆ. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಮೈಸೂರಿನ ದೊರೆಯ ಕೀರ್ತಿ ಅಮೆರಿಕಕ್ಕೂ ಹಬ್ಬಿತ್ತು. ಪೆನ್ಸಿಲ್ವೇನಿಯದವರು ಯುದ್ಧಕ್ಕೆ ಅಣಿಗೊಳಿಸಿದ ಹಡಗೊಂದರ ಹೆಸರೇ ‘ಹೈದರ್ ಅಲಿ’. 1782ರ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಇನ್ನು ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಮೂರನೆಯ ಮೈಸೂರು ಯುದ್ಧದಲ್ಲಿ ತಾನೇ ಸೈನ್ಯ ನಡೆಸಿ, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಮೂಲಕ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಪಡೆದ. ಪಶ್ಚಿಮದಲ್ಲಿ ಕಳೆದುಕೊಂಡ ಸಾಮ್ರಾಜ್ಯ ಪೂರ್ವದಲ್ಲಿ ಬೆಳೆಯಿತು. ಅಮೆರಿಕದ ವಸಾಹತುಗಳಿಂದ ವರಮಾನಕ್ಕಾಗಿ ತೆರಿಗೆ ಹಾಕುವುದಿಲ್ಲವೆಂದು ಪಾರ್ಲಿಮೆಂಟು 1778ರಲ್ಲೇ ಕಾಯಿದೆ ಮಾಡಿತ್ತು. ಬಂಗಾಳದ ರೈತನಿಗಾಗಲಿ ಮದರಾಸಿನ ನೇಕಾರನಿಗಾಗಲಿ ಅಂಥ ಅಭಯ ಸಿಗಲಿಲ್ಲ.

ಮಿತ್ರರೇ, ಹದಿಮೂರು ವರ್ಷಗಳ ಈ ವೃತ್ತಾಂತದಲ್ಲಿ ನನಗೆ ಎದ್ದು ಕಾಣುವುದು ಇಷ್ಟು: ಒಂದೇ ಒಂದು ದಿನವೂ ಆ ಜನ ತೆರಿಗೆಯ ಭಾರದಿಂದ ನೆಲಕಚ್ಚಿರಲಿಲ್ಲ. ಅವರಿಗಿಂತ ಹೆಚ್ಚು ತೆರುತ್ತಿದ್ದ ಇಂಗ್ಲೆಂಡಿನ ರೈತ ದಂಗೆಯೇಳಲಿಲ್ಲ, ಹಸಿವಿನಿಂದ ಸಾಯುತ್ತಿದ್ದ ಬಂಗಾಳಕ್ಕೆ ಏಳುವ ಚೈತನ್ಯವೇ ಇರಲಿಲ್ಲ. ನೂರೈವತ್ತು ವರ್ಷ ತಮ್ಮ ಸಭೆಗಳಲ್ಲಿ ಕುಳಿತು, ತಮ್ಮ ಹಣದ ಬಗೆಗೆ ತಾವೇ ತೀರ್ಮಾನಿಸಿ ರೂಢಿಯಾಗಿದ್ದವರು ಮಾತ್ರ ಮೂರು ಪೆನ್ಸಿಗಾಗಿ ಎದ್ದರು. ಆಳುವವರು ಬಿನ್ನಹವನ್ನು ಓದದೆ ಹಿಂದಿರುಗಿಸಿದಾಗ, ಅದನ್ನು ಬರೆದವರ ಕೈಗೆ ಮುಂದಿನ ಬಾರಿ ಲೇಖನಿ ಬರುವುದಿಲ್ಲ. ಆ ಹುಡುಗಿಯ ಅಜ್ಜಿಗೆ ಗೊತ್ತಿದ್ದ ವಿಷಯ ಮೂರನೆಯ ಜಾರ್ಜ್ ದೊರೆಗೂ ಅವನ ಮಂತ್ರಿಗಳಿಗೂ ತಿಳಿಯಲಿಲ್ಲ. ಪಾಠ ಮಾಡುವ ಕಿರಿಯ ಮಿತ್ರರು ಐದು ಕಾರಣಗಳನ್ನು ಧಾರಾಳವಾಗಿ ಬರೆಸಲಿ. ಪರೀಕ್ಷೆಗೆ ಅವು ಬೇಕು. ಜೊತೆಗೆ, ಅಗ್ಗವಾದ ಚಹಾವನ್ನು ಏಕೆ ಚೆಲ್ಲಿದರು ಎಂದೂ ಒಮ್ಮೆ ಕೇಳಿ ನೋಡಲಿ. ತರಗತಿಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಉತ್ತರ ಹೇಳಿಯೇ ಹೇಳುತ್ತಾರೆ.